ಸಮಯಭೇದ ಮತ್ತು ಓದುಗ: ಕನ್ನಡ ಕ್ರೈಸ್ತ ಭಕ್ತಿಗದ್ಯದ ಒಂದು ಸಮಸ್ಯೆ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಕ್ರೈಸ್ತರ ಪ್ರಸ್ತಾಪ ಸಾಮಾನ್ಯವಾಗಿ ಎರಡು ಇಸವಿಗಳ ನಡುವೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಒಂದು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಮತ್ತೊಂದು. ಇವೆರಡರ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಎರಡು ಗಡಿಕಲ್ಲುಗಳ ಆಚೆಗೆ, ಕನ್ನಡವನ್ನೇ ಪ್ರಾರ್ಥನೆಯ ಭಾಷೆಯಾಗಿ ಉಳ್ಳ ಒಂದು ಸಮುದಾಯ ತನ್ನೊಳಗೆ ತಾನು ಮಾತನಾಡಿಕೊಳ್ಳಲು ಬಳಸಿದ ಗದ್ಯವಿದೆ: ಸಭೆಗಳ ಮಾಸಪತ್ರಿಕೆಗಳು, ಧ್ಯಾನಲೇಖನಗಳು, ಹಬ್ಬದ ವಿಶೇಷಾಂಕಗಳು, ಪ್ರಸಂಗಗಳ ಸಂಗ್ರಹಗಳು. ಇವುಗಳನ್ನು ಗದ್ಯವೆಂದು ಓದಿದವರು ವಿರಳ. ಧರ್ಮಪ್ರಚಾರದ ಸಾಮಗ್ರಿಯೆಂದು ವಿಮರ್ಶಕರು ಬದಿಗಿಟ್ಟರೆ, ಭಕ್ತಿಯ ಸಾಮಗ್ರಿಯೆಂದು ಸಭೆಯವರು ವಿಮರ್ಶೆಯಿಂದ ದೂರವಿಟ್ಟರು.

ಪ್ರಸ್ತುತ ಲೇಖನವು ಈ ಗದ್ಯದ ಒಂದು ಸಮಸ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತದೆ. ಒಬ್ಬ ಲೇಖಕ ಅಥವಾ ಸಂಪಾದಕ ತನ್ನ ಸಭೆಯ ಓದುಗರಿಗಷ್ಟೇ ಅಲ್ಲದೆ ಎಲ್ಲ ಕ್ರೈಸ್ತ ಪಂಗಡಗಳ ಓದುಗರಿಗೂ ಸಲ್ಲುವಂತೆ ಕನ್ನಡದಲ್ಲಿ ಬರೆಯಲು ಹೊರಟಾಗ ಏನಾಗುತ್ತದೆ? ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ಹೆಚ್ಚು ತುರ್ತಿನದು. ಮುಂಬಯಿ, ಪುಣೆ, ಹೈದರಾಬಾದಿನಂಥ ನಗರಗಳಲ್ಲಿ ಕನ್ನಡ ಓದಬಲ್ಲ ಕ್ರೈಸ್ತರು ಒಂದೊಂದು ಪಂಗಡದಲ್ಲಿಯೂ ಬೆರಳೆಣಿಕೆಯ ಕುಟುಂಬಗಳಾಗಿ ಚದುರಿರುತ್ತಾರೆ. ಅಂಥ ಕಡೆ ಒಂದೇ ಪಂಗಡವನ್ನು ನೆಚ್ಚಿದ ಕನ್ನಡ ಪತ್ರಿಕೆ ಬಾಳುವುದು ಕಷ್ಟ. ಎಲ್ಲರನ್ನೂ ಕುರಿತದ್ದು ಬಾಳಬಹುದು. ಅದೂ ಬಾಳದಿದ್ದರೆ ಆ ಕುಟುಂಬಗಳ ಮುಂದಿನ ತಲೆಮಾರು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಪ್ರಾರ್ಥಿಸುತ್ತದೆ.

ಹಳಗನ್ನಡದ ಓದುಗರಿಗೆ 'ಸಮಯ' ಎಂಬ ಶಬ್ದ ಪರಿಚಿತ. ಕಾಲವೆಂಬ ಅರ್ಥದ ಜೊತೆಗೆ ಮತ, ದರ್ಶನ, ಪಂಥ ಎಂಬ ಅರ್ಥವೂ ಅದಕ್ಕಿದೆ. ಬ್ರಹ್ಮಶಿವನ 'ಸಮಯಪರೀಕ್ಷೆ' ಇತರ ಸಮಯಗಳನ್ನು ಒರೆಗೆ ಹಚ್ಚಿ ತೆಗಳುವ ಕೃತಿ. 'ಪಂಗಡ' ಎಂಬ ಮಾತಿಗೆ ಅಂಟಿಕೊಂಡಿರುವ ಕಹಿ ಇದಕ್ಕಿಲ್ಲದ ಕಾರಣ, ಕ್ರೈಸ್ತರೊಳಗಿನ ಕ್ಯಾಥೊಲಿಕ್, ಲೂಥರನ್, ಮೆಥಡಿಸ್ಟ್, ಪೆಂತೆಕೊಸ್ತ ಮೊದಲಾದ ಭೇದಗಳಿಗೂ ಇದನ್ನು ಬಳಸುತ್ತೇನೆ.

ಕನ್ನಡದಲ್ಲಿ ಸಮಯಭೇದವು ತತ್ತ್ವದಲ್ಲಿ ಕಾಣಿಸಿಕೊಳ್ಳುವ ಮೊದಲೇ ಪದದಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಳಕೆಯಲ್ಲಿರುವ 'ಸತ್ಯವೇದ'ದಲ್ಲಿ ಹಳೆಯ ಒಡಂಬಡಿಕೆಯ ದೇವರ ಹೆಸರು 'ಯೆಹೋವ'; ಕ್ಯಾಥೊಲಿಕರ ಬಳಕೆಯಲ್ಲಿ 'ಸರ್ವೇಶ್ವರ'. ಒಂದರಲ್ಲಿ 'ಕರ್ತನು', ಇನ್ನೊಂದರಲ್ಲಿ 'ಪ್ರಭು'. ಒಂದರಲ್ಲಿ 'ಸುವಾರ್ತೆ', ಇನ್ನೊಂದರಲ್ಲಿ 'ಶುಭಸಂದೇಶ'. 'ಅಪೊಸ್ತಲರು' ಅಲ್ಲಿ 'ಪ್ರೇಷಿತರು'; 'ಪರಲೋಕರಾಜ್ಯ' ಅಲ್ಲಿ 'ಸ್ವರ್ಗಸಾಮ್ರಾಜ್ಯ'; 'ಯೋಹಾನ' ಅಲ್ಲಿ 'ಯೊವಾನ್ನ'. 'ಸಭೆ' ಎಂದು ಪ್ರೊಟೆಸ್ಟೆಂಟರು ಕರೆಯುವುದನ್ನು ಕ್ಯಾಥೊಲಿಕರು 'ಧರ್ಮಸಭೆ' ಎನ್ನುತ್ತಾರೆ. 'ಆರಾಧನೆ'ಗೆ ಹೋಗುವವರು ಒಂದು ಕಡೆ, 'ಬಲಿಪೂಜೆ'ಗೆ ಹೋಗುವವರು ಇನ್ನೊಂದು ಕಡೆ. 'ಕರ್ತನ ಭೋಜನ', 'ಪರಮಪ್ರಸಾದ' ಎಂಬೆರಡು ಮಾತುಗಳ ಅಂತರವಂತೂ ಪರ್ಯಾಯಪದಗಳ ಅಂತರವಲ್ಲ. ಮೊದಲನೆಯದರಲ್ಲಿ ಪಂಕ್ತಿ ಇದೆ, ಎರಡನೆಯದರಲ್ಲಿ ಗರ್ಭಗುಡಿ ಇದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕ್ರಿಯಾಪದ. 'ಸತ್ಯವೇದ'ದ ಹಳೆಯ ಗದ್ಯದಲ್ಲಿ ಯೇಸು 'ಹೇಳಿದನು'. ಅನಂತರ ಬಂದ ಸರಳ ಕನ್ನಡದ ಅನುವಾದದಲ್ಲಿಯೂ ಕ್ಯಾಥೊಲಿಕರ ಬಳಕೆಯಲ್ಲಿಯೂ ಯೇಸು 'ಹೇಳಿದರು'. ಇಂಗ್ಲಿಷಿಗಾಗಲಿ ಲ್ಯಾಟಿನ್ನಿಗಾಗಲಿ ಇಲ್ಲದ ತೊಡಕು ಇದು. ಕನ್ನಡದ ಲೇಖಕ ಕರ್ತೃಪದವನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಪ್ರತ್ಯಯ ಅವನ ಸಮಯವನ್ನು ಹೊರಗೆಡಹುತ್ತದೆ. ಏಕವಚನ ಕಿವಿಗೆ ಬಿದ್ದರೆ ಕ್ಯಾಥೊಲಿಕ್ ಓದುಗನಿಗೆ ಅಗೌರವವೆನಿಸಬಹುದು. ಬಹುವಚನ ಬಿದ್ದರೆ ಹಳೆಯ ತಲೆಮಾರಿನ ಪ್ರೊಟೆಸ್ಟೆಂಟ್ ಓದುಗನಿಗೆ ದೇವರು ಊರಿನ ಅಮಲ್ದಾರರಂತೆ ದೂರ ನಿಂತಂತೆ ಅನಿಸಬಹುದು. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಎರಡನೆಯವನ ಕಸಿವಿಸಿ ಸುಲಭವಾಗಿ ಅರ್ಥವಾಗುತ್ತದೆ. ವಚನಕಾರರು ಶಿವನನ್ನೂ ಹರಿದಾಸರು ಹರಿಯನ್ನೂ ಏಕವಚನದಲ್ಲಿಯೇ ಕರೆದರು. ಭಕ್ತಿಯ ಸಲಿಗೆಗೆ ಕನ್ನಡ ಹುಡುಕಿಕೊಂಡ ವ್ಯಾಕರಣ ಅದು. ಆದರೆ ಇದೇ ಕನ್ನಡದಲ್ಲಿ ಗುರುವಿಗೆ, ಶರಣರಿಗೆ ಬಹುವಚನ ಸಲ್ಲುತ್ತ ಬಂದಿದೆ. ಯೇಸುವನ್ನು ದೇವರೆಂದು ಕರೆಯುವಾಗ ಏಕವಚನವೂ ಗುರುವೆಂದು ಕರೆಯುವಾಗ ಬಹುವಚನವೂ ಸಹಜ; ಕ್ರೈಸ್ತರು ಅವನನ್ನು ಎರಡೂ ಎನ್ನುತ್ತಾರೆ. ಆದ್ದರಿಂದ ಈ ವ್ಯಾಜ್ಯವನ್ನು ವ್ಯಾಕರಣಜ್ಞರು ತೀರ್ಮಾನಿಸಲಾರರು.

ಈ ಭೇದ ಹೇಗೆ ನೆಲೆಗೊಂಡಿತೆಂಬುದನ್ನು ಸಂಕ್ಷೇಪವಾಗಿ ಗಮನಿಸಬಹುದು. ಬೈಬಲಿನ ಕನ್ನಡ ಅನುವಾದವನ್ನು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದರು. 1830ರ ದಶಕದ ಆದಿಯಲ್ಲಿ ಇಡೀ ಗ್ರಂಥ ಮುದ್ರಣಗೊಂಡಿತ್ತು. ಅದರ ಪರಿಷ್ಕರಣದಲ್ಲಿ ಬಾಸೆಲ್ ಮಿಷನ್ನಿನವರೂ ಕೈಜೋಡಿಸಿದರು. ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪನೆಯಾದಾಗಲೇ ವ್ಯೂರ್ಟೆಂಬರ್ಗಿನ ಲೂಥರನ್ನರನ್ನೂ ಸ್ವಿಸ್ ರಿಫಾರ್ಮ್ಡ್ ಸಂಪ್ರದಾಯದವರನ್ನೂ ಒಟ್ಟಿಗೆ ಒಳಗೊಂಡಿದ್ದ ಸಂಸ್ಥೆ ಎಂಬುದನ್ನು ಇಲ್ಲಿ ನೆನೆಯಬೇಕು. ಹೀಗೆ ಪ್ರೊಟೆಸ್ಟೆಂಟ್ ಸಮಯಗಳಿಗೆಲ್ಲ ಒಂದೇ ಕನ್ನಡ ಬೈಬಲ್ ದೊರೆಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಧಾರೆಗಳು ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಕನ್ನಡದ ಮಟ್ಟಿಗೆ ಆ ಐಕ್ಯ ಪದಕೋಶದಲ್ಲಿ ಆಗಲೇ ಆಗಿಹೋಗಿತ್ತೆಂಬುದು ನನ್ನ ಅಭಿಪ್ರಾಯ. ಬೀದರ್, ಕಲಬುರ್ಗಿ ಕಡೆಯ ಅಮೆರಿಕನ್ ಮೆಥಡಿಸ್ಟ್ ಪರಂಪರೆಯ ಸಭೆಗಳು ಆ ಐಕ್ಯಕ್ಕೆ ಸೇರಲಿಲ್ಲ. ಆದರೂ ಅವರ ಭಾಷೆ ಬೇರೆಯಾಗಲಿಲ್ಲ. ಪೆಂತೆಕೊಸ್ತ ಸಭೆಗಳೂ ಇದೇ ಪದಕೋಶಕ್ಕೆ 'ಅಭಿಷೇಕ', 'ಅನ್ಯಭಾಷೆ'ಗಳ ವಿಶೇಷ ಒತ್ತನ್ನು ಸೇರಿಸಿಕೊಂಡವು. ಕನ್ನಡದಲ್ಲಿ ದೊಡ್ಡ ಬಿರುಕು ಇರುವುದು ಕ್ಯಾಥೊಲಿಕರಿಗೂ ಉಳಿದವರಿಗೂ ನಡುವೆ.

ಕರಾವಳಿಯ ಕ್ಯಾಥೊಲಿಕರ ಕಥೆ ಇನ್ನೂ ಬೇರೆ. ಅವರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಥಾಮಸ್ ಸ್ಟೀಫನ್ಸ್ ಮರಾಠಿ ಓವಿಯಲ್ಲಿ ರಚಿಸಿ 1616ರಲ್ಲಿ ಗೋವೆಯ ರಾಯತೂರಿನಲ್ಲಿ ಅಚ್ಚಾದ 'ಕ್ರಿಸ್ತಪುರಾಣ' ಅವರ ನಡುವೆ ಬಾಳಿ, 1907ರಲ್ಲಿ ಮಂಗಳೂರಿನಲ್ಲಿಯೇ ಮರುಮುದ್ರಣ ಕಂಡಿತು. 1938ರಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯದು. ಅಂಥ ಪತ್ರಿಕೆಗೆ ನಮ್ಮ ಸಮಸ್ಯೆ ಎದುರಾಗುವುದೇ ಇಲ್ಲವೆನ್ನಬಹುದು. ಅದರ ಭಾಷೆಯ ಓದುಗರೂ ಸಮಯದ ಓದುಗರೂ ಬಹುಮಟ್ಟಿಗೆ ಒಬ್ಬರೇ. ಕನ್ನಡ ಪತ್ರಿಕೆಗೆ ಆ ನೆಮ್ಮದಿಯಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರ ಚಿತ್ರ ಬದಲಾಯಿತು. ಪೂಜಾವಿಧಿ ದೇಶಭಾಷೆಗಳಿಗೆ ಬಂತು. 1964ರ ನವೆಂಬರಿನಲ್ಲಿ ಇತರ ಕ್ರೈಸ್ತರೊಡನೆಯ ಸಂಬಂಧವನ್ನು ಕುರಿತ ಶಾಸನವೂ, ಮರುವರ್ಷ ಬೈಬಲ್ ಅನುವಾದದಲ್ಲಿ ಅವರೊಡನೆ ಸಹಕರಿಸಲು ಎಡೆಮಾಡಿದ ಶಾಸನವೂ ಹೊರಬಿದ್ದವು. 1968ರಲ್ಲಿ ವ್ಯಾಟಿಕನ್ನೂ ಬೈಬಲ್ ಸೊಸೈಟಿಗಳ ಒಕ್ಕೂಟವೂ ಜಂಟಿ ಅನುವಾದಕ್ಕೆ ಮಾರ್ಗಸೂಚಿಗಳನ್ನು ಪ್ರಕಟಿಸಿದವು. ಸರಳ ಕನ್ನಡದ ಅನುವಾದವು ಈ ಗಾಳಿಯಲ್ಲಿ ಬೆಳೆದ ಬೆಳೆ. ಆದರೆ ಅದರ ಪದಗಳ ಒಲವನ್ನು ನೋಡಿದರೆ ('ಸರ್ವೇಶ್ವರ', 'ಪ್ರೇಷಿತರು', 'ಶುಭಸಂದೇಶ') ಎರಡು ಮನೆಗಳ ನಡುವಿನ ಅಂಗಳವಾಗಬೇಕಾಗಿದ್ದದ್ದು ಒಂದು ಮನೆಯ ಜಗುಲಿಯಾಗಿಯೇ ಉಳಿಯಿತು ಎನ್ನದೆ ವಿಧಿಯಿಲ್ಲ. ಇದು ಅನುವಾದಕರ ದೋಷವಲ್ಲ. ಎರಡು ಪದಗಳಲ್ಲಿ ಒಂದನ್ನು ಅಚ್ಚು ಮಾಡಲೇಬೇಕಾಗುತ್ತದೆ.

ಅನುವಾದಕನಿಗಿರುವ ಈ ನಿರ್ಬಂಧ ಪತ್ರಿಕಾಲೇಖಕನಿಗೆ ಇಲ್ಲ. ಅವನ ಮುಂದೆ ಹಲವು ದಾರಿಗಳಿವೆ. ಅವುಗಳಲ್ಲಿ ಹೆಚ್ಚು ತುಳಿದ ದಾರಿ ಅತ್ಯಂತ ನಿಸ್ಸಾರವಾದದ್ದು: ಜೋಡಿಪದಗಳನ್ನು 'ಅಥವಾ'ದಿಂದ ಪೋಣಿಸುವುದು. 'ಕರ್ತನು ಅಥವಾ ಪ್ರಭುವು', 'ಸಭಾಪಾಲಕರು ಅಥವಾ ಗುರುಗಳು' ಎಂದು ಸಾಗುವ ಗದ್ಯ ಕರಾರುಪತ್ರದಂತೆ ಓದಿಸಿಕೊಳ್ಳುತ್ತದೆ. ಅದರಲ್ಲಿ ಯಾರೂ ಪ್ರಾರ್ಥಿಸಲಾರರು. ಮತ್ತೊಂದು ದಾರಿ, ಭೇದ ತೋರುವ ಪದಗಳನ್ನೆಲ್ಲ ಬಿಟ್ಟು 'ದೈವಿಕ ಶಕ್ತಿ', 'ಆಧ್ಯಾತ್ಮಿಕ ಮೌಲ್ಯ' ಮುಂತಾದ ಎತ್ತರದ ಸಂಸ್ಕೃತಕ್ಕೆ ಏರುವುದು. ಇಲ್ಲಿ ಯಾರಿಗೂ ನೋವಾಗುವುದಿಲ್ಲ. ಯಾರಿಗೂ ಏನೂ ಆಗುವುದಿಲ್ಲ. ಓದುಗನು ತನ್ನ ಸಮಯವನ್ನು ಗುರುತಿಸುವುದು ತನ್ನ ಅಜ್ಜಿ ಪ್ರಾರ್ಥನೆಯಲ್ಲಿ ಬಳಸಿದ ಪದಗಳಿಂದ. ಆ ಪದಗಳನ್ನು ಕಿತ್ತುಕೊಂಡು ಅವನನ್ನು ಇನ್ನೊಬ್ಬನ ಬಳಿಗೆ ಕರೆದೊಯ್ಯುತ್ತೇವೆಂದರೆ ಅವನು ಬರಿಗೈಯಲ್ಲಿ ಹೋದಂತಾಗುತ್ತದೆ.

ಮೂರನೆಯ ದಾರಿ ವಿಷಯದ ಆಯ್ಕೆಯದು. ಇದಕ್ಕೆ ಇಂಗ್ಲಿಷಿನ ಪ್ರಸಿದ್ಧ ನಿದರ್ಶನ ಸಿ.ಎಸ್. ಲೂಯಿಸ್. 1941ರಿಂದ 1944ರವರೆಗೆ ಬಿಬಿಸಿ ಆಕಾಶವಾಣಿಯಲ್ಲಿ ಅವರು ಮಾಡಿದ ಭಾಷಣಗಳು 1952ರಲ್ಲಿ 'ಮಿಯರ್ ಕ್ರಿಶ್ಚಿಯಾನಿಟಿ' ಎಂಬ ಗ್ರಂಥವಾದವು. ಸ್ವತಃ ಆಂಗ್ಲಿಕನ್ ಆದ ಲೂಯಿಸ್ ಎಲ್ಲ ಸಮಯಗಳಿಗೂ ಸಮಾನವಾದ ನಂಬಿಕೆಯನ್ನಷ್ಟೇ ಹೇಳುವೆನೆಂದು ಹೊರಟು, ಗ್ರಂಥದ ಎರಡನೆಯ ಭಾಗದ ಕರಡನ್ನು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ರೋಮನ್ ಕ್ಯಾಥೊಲಿಕ್ ಸಮಯಗಳ ನಾಲ್ವರು ಧರ್ಮಗುರುಗಳಿಗೆ ಕಳುಹಿಸಿದರು. ವಿಶ್ವಾಸದ ಬಗ್ಗೆ ಹೇಳಿದ್ದು ಸಾಲದೆಂದು ಮೆಥಡಿಸ್ಟರಿಗೂ, ಪ್ರಾಯಶ್ಚಿತ್ತದ ಸಿದ್ಧಾಂತಗಳನ್ನು ಹಗುರಾಗಿ ಕಂಡದ್ದು ಅತಿಯಾಯಿತೆಂದು ಕ್ಯಾಥೊಲಿಕರಿಗೂ ಅನಿಸಿತಂತೆ. ಉಳಿದಂತೆ ಐವರಲ್ಲೂ ಸಹಮತವಿತ್ತು. ತನ್ನ ಗ್ರಂಥ ಹಲವು ಕೋಣೆಗಳಿಗೆ ಬಾಗಿಲು ತೆರೆದಿರುವ ಪಡಸಾಲೆಯಂತೆ, ವಾಸ ಮಾತ್ರ ಕೋಣೆಗಳಲ್ಲಿಯೇ ಎಂಬರ್ಥದ ಹೋಲಿಕೆಯನ್ನು ಅವರು ಮುನ್ನುಡಿಯಲ್ಲಿ ಕೊಡುತ್ತಾರೆ. ಪ್ರಾಮಾಣಿಕವಾದ ಹೋಲಿಕೆ. ಆದರೆ ಲೂಯಿಸರ ಪಡಸಾಲೆ ಸುಗಮವಾಗಿರುವುದು ಮರಿಯಮ್ಮನವರಂಥ ವಿವಾದದ ವಿಷಯಗಳನ್ನು ಅವರು ಬೇಕೆಂದೇ ಹೊರಗಿಟ್ಟುದರಿಂದ. ಕನ್ನಡದ ಲೇಖಕನಿಗೆ ಈ ಉಪಾಯ ಅರ್ಧ ಮಾತ್ರ ಒದಗುತ್ತದೆ. ವಿವಾದದ ವಿಷಯವನ್ನು ಅವನೂ ಬಿಡಬಹುದು. 'ಹೇಳಿದನು', 'ಹೇಳಿದರು'ಗಳನ್ನು ಬಿಟ್ಟು ಎಷ್ಟು ದೂರ ಹೋದಾನು?

ಬಿಡುವುದರಿಂದ ದೊರೆಯುವ ಐಕ್ಯಕ್ಕೆ ಹಳೆಯ ಚರಿತ್ರೆಯೂ ಇದೆ. ಹದಿನೈದನೆಯ ಶತಮಾನದ ಥಾಮಸ್ ಎ ಕೆಂಪಿಸನ 'ಕ್ರಿಸ್ತಾನುಕರಣ' ಸಮಯಭೇದ ದಾಟಿದ ಭಕ್ತಿಗ್ರಂಥಗಳಲ್ಲಿ ಮೊದಲನೆಯ ಸಾಲಿನದು. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1735ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೊರತಂದರು. 1889ರಲ್ಲಿ ವಿವೇಕಾನಂದರು ಅದರ ಕೆಲಭಾಗವನ್ನು ಬಂಗಾಳಿಗೆ ತಂದರು. ಆದರೆ ಅದರ ನಾಲ್ಕನೆಯ ಕಾಂಡ ಪರಮಪ್ರಸಾದವನ್ನು ಕುರಿತದ್ದು. ಹಲವು ಪ್ರೊಟೆಸ್ಟೆಂಟ್ ಆವೃತ್ತಿಗಳು ಆ ಕಾಂಡವನ್ನೇ ಕೈಬಿಟ್ಟವು. ಗ್ರಂಥ ಗಡಿ ದಾಟಿತು, ನಾಲ್ಕರಲ್ಲಿ ಒಂದು ಪಾಲನ್ನು ಸುಂಕವಾಗಿ ತೆತ್ತು.

ಹಾಗಾದರೆ ಕನ್ನಡದಲ್ಲಿ ಯಾರೂ ದಾಟಲಿಲ್ಲವೆ? ದಾಟಿದ್ದಾರೆ. 'ಮಂಗಳೂರ ಸಮಾಚಾರ'ವನ್ನೇ ನೋಡಬಹುದು. ಕಲ್ಲಚ್ಚಿನಲ್ಲಿ ಪಕ್ಷಕ್ಕೊಮ್ಮೆ ಹೊರಡುತ್ತಿದ್ದ ಆ ನಾಲ್ಕು ಪುಟಗಳಲ್ಲಿ ಊರ ವರ್ತಮಾನ, ಸರಕಾರದ ನಿರೂಪ, ಕಥೆಗಳು ಇದ್ದವು. ಮೊಗ್ಲಿಂಗ್ ಪ್ರಚಾರಕರೇ ಆಗಿದ್ದರೂ, ಸುದ್ದಿಗೆ ಸಮಯವಿಲ್ಲವೆಂಬುದು ಅವರಿಗೆ ತಿಳಿದಿತ್ತು. ಕಿಟ್ಟೆಲ್ ತಮ್ಮ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಲು ಹೊರಟರು. ಛಂದಸ್ಸು ಬೈಬಲಿನ ಗದ್ಯದ ಪಡಿಯಚ್ಚನ್ನು ಮುರಿಯುವುದರಿಂದ ಪದಗಳಿಗೆ ಸ್ವಲ್ಪ ಬಿಡುಗಡೆ ದೊರೆಯುತ್ತದೆ. ಎಲ್ಲಕ್ಕಿಂತ ಬೋಧಪ್ರದವಾದದ್ದು ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'. ಕ್ರೈಸ್ತರಲ್ಲದ ಪೈಗಳಿಗೆ ಯಾವ ಸಭೆಯ ಪದಕೋಶದ ಋಣವೂ ಇರಲಿಲ್ಲ. ಲ್ಯಾಟಿನ್ ಮೂಲದ 'ಕಲ್ವಾರಿ'ಯನ್ನು ಬಿಟ್ಟು ಸುವಾರ್ತೆಗಳು ಉಳಿಸಿಕೊಂಡಿರುವ ಅರಮಾಯಿಕ್ ಶಬ್ದವನ್ನೇ ಅವರು ಶೀರ್ಷಿಕೆಯಾಗಿಸಿದರು. ಹಾಗೆ ಮಾಡಿ, ಸಮಯಗಳು ಕವಲೊಡೆಯುವುದಕ್ಕಿಂತ ಹಿಂದಿನ ಒಂದು ಜಾಗದಲ್ಲಿ ನಿಂತರು. ಕನ್ನಡ ಕ್ರೈಸ್ತರ ಎಲ್ಲ ಪಂಗಡಗಳೂ ಸಂಕೋಚವಿಲ್ಲದೆ ತಮ್ಮದೆನ್ನಬಹುದಾದ ಕೃತಿ ಹೊರಗಿನವರಿಂದ ಬಂತೆಂಬುದು ವಿಚಿತ್ರವಾದರೂ ನಿಜ.

ಒಳಗಿನವರಲ್ಲಿ ಉತ್ತಂಗಿ ಚನ್ನಪ್ಪನವರನ್ನು ಇಲ್ಲಿ ಹೆಸರಿಸಬೇಕು. ಬಾಸೆಲ್ ಮಿಷನ್ನಿನ ಬೋಧಕರಾಗಿದ್ದುಕೊಂಡೇ ಅವರು 1924ರಲ್ಲಿ ಸರ್ವಜ್ಞನ ವಚನಗಳ ಸಂಪಾದನೆಯನ್ನು ಹೊರತಂದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಶೀರ್ಷಿಕೆಯಲ್ಲಿರುವ 'ವಿನಂತಿ' ಎಂಬ ಒಂದು ಪದಕ್ಕಾಗಿಯೇ ಅದನ್ನು ಮೆಚ್ಚಬೇಕು. ಪರೀಕ್ಷೆಯಲ್ಲ, ಖಂಡನೆಯಲ್ಲ. ಆದರೆ ಉತ್ತಂಗಿಯವರ ಗಮನವಿದ್ದದ್ದು ಕ್ರೈಸ್ತೇತರ ಓದುಗನ ಮೇಲೆ. ಬೇರೆ ಧರ್ಮದವನೊಡನೆ ವಿನಯದಿಂದ ಮಾತನಾಡುವುದಕ್ಕಿಂತ ಸ್ವಧರ್ಮದ ಬೇರೆ ಸಮಯದವನೊಡನೆ ಮಾತನಾಡುವುದು ಕಷ್ಟ. ದಾಯಾದಿಗಳ ನಡುವೆ ಪ್ರತಿ ಮಾತಿಗೂ ಹಳೆಯ ಲೆಕ್ಕವಿರುತ್ತದೆ.

ಇಲ್ಲಿ ಹಳೆಯ ಕನ್ನಡದ ನೆರವನ್ನು ಕೇಳಬಹುದೆಂದು ನನಗೆ ತೋರುತ್ತದೆ. ಹನ್ನೆರಡನೆಯ ಶತಮಾನದ ಮುಳುಗುಂದದ ನಯಸೇನ 'ಧರ್ಮಾಮೃತ'ದಲ್ಲಿ ಜೈನ ವ್ರತಗಳನ್ನು ಬೋಧಿಸಲು ಹೊರಟವನು. ಅನ್ಯಸಮಯಗಳ ಬಗ್ಗೆ ಅವನಿಗೆ ಮೃದುತ್ವವೇನೂ ಇಲ್ಲ. ಆದರೂ ಅವನನ್ನು ಇಂದು ಜೈನರಲ್ಲದವರೂ ಓದುತ್ತಾರೆ, ಏಕೆಂದರೆ ಅವನ ಉಪಮೆಗಳು ಹೊಲ, ಅಡುಗೆಮನೆ, ಸಂತೆಗಳಿಂದ ಸಾಲುಗಟ್ಟಿ ಬರುತ್ತವೆ. ಬೈಬಲಿನ ಎರಡು ಕನ್ನಡಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದೇ ಸಂಗತಿ ಕಣ್ಣಿಗೆ ಬೀಳುತ್ತದೆ. ಸಿದ್ಧಾಂತದ ಪದಗಳಲ್ಲಿ ಅವು ಹೆಜ್ಜೆಹೆಜ್ಜೆಗೂ ಬೇರೆಯಾಗುತ್ತವೆ. ಸಾಮತಿಗಳ ಒಳಕ್ಕೆ ಹೋದಂತೆ ಹತ್ತಿರವಾಗುತ್ತವೆ. ಸಾಸಿವೆ ಕಾಳು, ಹುಳಿಹಿಟ್ಟು, ಕುರಿ, ಬಲೆ, ಬಿತ್ತನೆ ಇವುಗಳಿಗೆ ಪಂಗಡವಿಲ್ಲ. 'ಪರಲೋಕರಾಜ್ಯ'ವೋ 'ಸ್ವರ್ಗಸಾಮ್ರಾಜ್ಯ'ವೋ ಎಂಬ ತಕರಾರು ಮೊದಲ ವಾಕ್ಯದಲ್ಲಿ ಮುಗಿಯುತ್ತದೆ. ಹಿಟ್ಟಿಗೆ ಹುಳಿ ಕಲಸುವ ಹೆಂಗಸು ಎರಡೂ ಕಡೆ ಒಬ್ಬಳೇ.

ಆದರೆ ಸಾಮತಿಗಳಲ್ಲಿಯೇ ಉಳಿದುಬಿಟ್ಟರೆ ಲೂಯಿಸರಂತೆ ನಾವೂ ವಿವಾದದಿಂದ ತಪ್ಪಿಸಿಕೊಂಡಂತಾಗುತ್ತದೆ. ಒಂದೇ ಕುಟುಂಬದಲ್ಲಿ ಮದುವೆಯಾಗಿ ಎರಡು ಸಮಯಗಳಿಗೆ ಸೇರಿದ ಗಂಡಹೆಂಡಿರು ಒಂದೇ ಪಂಕ್ತಿಯಲ್ಲಿ ಪ್ರಭುಭೋಜನ ಪಡೆಯಲಾರದ ನೋವು ಇದ್ದೇ ಇದೆ. ಅದನ್ನು ಹೇಳದ ಪತ್ರಿಕೆ ಅವರಿಬ್ಬರಲ್ಲಿ ಯಾರದೂ ಅಲ್ಲ. ಇಲ್ಲಿ ಒದಗಿಬರುವ ಮಾದರಿ ನಯಸೇನನದಲ್ಲ, 'ಶೂನ್ಯಸಂಪಾದನೆ'ಯದು. ಅದು ಒಂದೇ ಸಮಯದ ಗ್ರಂಥವೆಂಬುದನ್ನು ಮರೆಯದೆಯೇ ಅದರ ರಚನೆಯನ್ನು ಗಮನಿಸಬೇಕು. ಸಂಕಲನಕಾರ ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮರನ್ನು ಮುಖಾಮುಖಿಯಾಗಿಸುತ್ತಾನೆ. ಆದರೆ ಯಾರ ಅಂಕಿತವನ್ನೂ ಅಳಿಸುವುದಿಲ್ಲ. ಗುಹೇಶ್ವರ ಗುಹೇಶ್ವರನಾಗಿಯೇ, ಚೆನ್ನಮಲ್ಲಿಕಾರ್ಜುನ ಚೆನ್ನಮಲ್ಲಿಕಾರ್ಜುನನಾಗಿಯೇ ಉಳಿಯುತ್ತಾರೆ. ನಡುವೆ ಸಂಕಲನಕಾರನ ಗದ್ಯ ಒಬ್ಬರ ಮಾತಿನಿಂದ ಇನ್ನೊಬ್ಬರ ಮಾತಿಗೆ ಸೇತುವೆ ಕಟ್ಟುತ್ತದೆ. ಸಮಯಾತೀತ ಕ್ರೈಸ್ತ ಪತ್ರಿಕೆಯ ಸಂಪಾದಕನೂ ಹೀಗೆ ಮಾಡಬಹುದು: 'ಪರಮಪ್ರಸಾದ' ಎನ್ನುವವರು ಹಾಗೆಯೇ ಅನ್ನಲಿ, 'ಕರ್ತನ ಭೋಜನ' ಎನ್ನುವವರು ಹಾಗೆಯೇ ಅನ್ನಲಿ, ಒಬ್ಬರ ಏಕವಚನವನ್ನು ಇನ್ನೊಬ್ಬರ ಬಹುವಚನಕ್ಕೆ ತಿದ್ದದೆ ಎರಡನ್ನೂ ಒಂದೇ ಪುಟದಲ್ಲಿ ಅಚ್ಚುಮಾಡಲಿ. ಓದುಗನು ಇನ್ನೊಬ್ಬನ ಪದವನ್ನು ತನ್ನದಾಗಿಸಿಕೊಳ್ಳಬೇಕಾಗಿಲ್ಲ, ಅದು ಇನ್ನೊಬ್ಬನ ಬಾಯಲ್ಲಿ ಪ್ರಾರ್ಥನೆಯೇ ಎಂದು ಗುರುತಿಸಿದರೆ ಸಾಕು. ಪತ್ರಿಕೆಯಲ್ಲಿ ಇದಕ್ಕೆ ಸಿದ್ಧವಾಗಿರುವ ಸ್ಥಳ ಓದುಗರ ಪತ್ರಗಳ ಪುಟ. ಏಕರೂಪತೆಯ ಹೆಸರಿನಲ್ಲಿ ಪತ್ರಗಳ ಪದಗಳನ್ನು ತಿದ್ದುವ ಸಂಪಾದಕ ತಾನು ಕೂಡಿಸಬೇಕೆಂದಿದ್ದ ಸಭೆಯನ್ನು ತಾನೇ ಚದುರಿಸುತ್ತಾನೆ.

ಹೊರನಾಡಿನ ಸಂಶೋಧಕರಿಗೆ ಈ ವಿಚಾರದಿಂದ ಒಂದು ವ್ಯಾವಹಾರಿಕ ಉಪಯೋಗವೂ ಉಂಟು. ಗ್ರಂಥಾಲಯಗಳಲ್ಲಿ ಹೊದಿಕೆ ಹರಿದು, ಪ್ರಕಾಶಕರ ಹೆಸರಿಲ್ಲದೆ ಕುಳಿತಿರುವ ಕಿರುಹೊತ್ತಗೆಗಳ ಮೂಲವನ್ನು ಊಹಿಸಲು 'ಕರ್ತ', 'ಪ್ರಭು', 'ಯೋಹಾನ', 'ಯೊವಾನ್ನ' ಮೊದಲಾದ ಪದಗಳು ಹಸ್ತಪ್ರತಿಗಳ ಲಿಪಿಲಕ್ಷಣದಂತೆ ನೆರವಾಗುತ್ತವೆ. ಗೀತೆಗಳ ವಿಷಯದಲ್ಲಿ ಮಾತ್ರ ಈ ಒರೆಗಲ್ಲನ್ನು ನಂಬಬಾರದು. ಪ್ರಾಸದ ಅಗತ್ಯಕ್ಕೆ ಒಂದು ಸಮಯದ ಪದ ಇನ್ನೊಂದರಲ್ಲಿ ಯಥೇಚ್ಛವಾಗಿ ಸಂಚರಿಸುತ್ತದೆ. ಸೂಚಿ ತಯಾರಿಸುವವರು ಎರಡು ರೂಪಗಳಲ್ಲಿ ಒಂದನ್ನು ಶುದ್ಧರೂಪವೆಂದು ಆರಿಸಿ ಇನ್ನೊಂದನ್ನು ಅದರಡಿಯಲ್ಲಿ ಅಡಗಿಸದೆ, ಹೊತ್ತಗೆಯಲ್ಲಿ ಇರುವಂತೆಯೇ ಎರಡಕ್ಕೂ ಪ್ರತ್ಯೇಕ ನಮೂದು ಕೊಡುವುದು ಒಳಿತು. ಮೊದಲು ಕೈಹಾಕಬೇಕಾದದ್ದು 1965ರಿಂದ ಈಚಿನ ಮಾಸಪತ್ರಿಕೆಗಳ ಓದುಗರ ಪತ್ರಗಳಿಗೆ; ಸಂಪುಟಗಳನ್ನು ಕಟ್ಟಿಸುವಾಗ ಸಾಮಾನ್ಯವಾಗಿ ಕತ್ತರಿಗೆ ಸಿಗುವುದು ಆ ಕೊನೆಯ ಹಾಳೆಗಳೇ.